ಮಸ್ಕಿಯ ಬಂಡೆ, ಸಿಂಧನೂರಿನ ಹೊಲ: ಕಾನೂನಿನ ಮೊದಲ ಪಾಠ



ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ ಎಂಬುದು ಈ ಭಾಗದ ಮಕ್ಕಳಿಗೂ ಗೊತ್ತು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಅದನ್ನು ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇಷ್ಟನ್ನು ಶಾಲೆಯಲ್ಲಿ ಕಲಿಸುತ್ತಾರೆ. ಆದರೆ ಅಲ್ಲಿ ಬರೆದದ್ದೇನು ಎಂದು ಕೇಳಿದರೆ ಹೇಳುವವರು ಕಡಿಮೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಧರ್ಮದಲ್ಲಿ ನಡೆದರೆ ಅದರ ಫಲ ಸಣ್ಣವನಿಗೂ ಸಿಗುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿರಿ ಎಂಬುದು ಅದರ ತಿರುಳು.

ಕಾನೂನು ಓದಲು ಹೊಸದಾಗಿ ಬರುವ ಹುಡುಗ ಹುಡುಗಿಯರನ್ನು ನಾನು ಈ ಬಂಡೆಯ ಬಗ್ಗೆಯೇ ಮೊದಲು ಕೇಳುತ್ತೇನೆ. ಇದು ಕಾನೂನೋ ಅಲ್ಲವೋ? ಅರಸನ ಮಾತು, ಕಲ್ಲಲ್ಲಿ ಕೊರೆದದ್ದು, ಎಲ್ಲರಿಗೂ ಸಲ್ಲುವಂಥದ್ದು. ಆದರೂ ಅದು ಕಾನೂನಲ್ಲ. ಧರ್ಮದಲ್ಲಿ ನಡೆಯದವನಿಗೆ ಏನಾಗುತ್ತದೆ, ಯಾರ ಮುಂದೆ ದೂರಬೇಕು, ಯಾರು ವಿಚಾರಿಸಬೇಕು, ಯಾವ ಪರಿಹಾರ, ಒಂದೂ ಅಲ್ಲಿಲ್ಲ. ಅದು ಹಿರಿಯನ ಬುದ್ಧಿಮಾತು. ಅದೇ ಅಶೋಕ ತನ್ನ ನಾಲ್ಕನೆಯ ಸ್ತಂಭ ಶಾಸನದಲ್ಲಿ ರಜ್ಜುಕರೆಂಬ ಅಧಿಕಾರಿಗಳೊಂದಿಗೆ ಬೇರೆ ಧಾಟಿಯಲ್ಲಿ ಮಾತಾಡುತ್ತಾನೆ. ವಿಚಾರಣೆಯಲ್ಲಿ ಸಮತೆ ಇರಬೇಕು, ದಂಡನೆಯಲ್ಲಿ ಸಮತೆ ಇರಬೇಕು. ಮರಣದಂಡನೆಗೆ ಗುರಿಯಾದ ಸೆರೆಯಾಳಿಗೆ ಮೂರು ದಿನದ ಗಡುವು ಕೊಡಬೇಕು, ಅಷ್ಟರೊಳಗೆ ಅವನ ನೆಂಟರು ಜೀವ ಉಳಿಸಿರೆಂದು ಮೊರೆಯಿಡಬಹುದು. ಇಲ್ಲಿ ಅಧಿಕಾರಿ ಇದ್ದಾನೆ, ವಿಧಾನ ಇದೆ, ಗಡುವು ಇದೆ, ಸೆರೆಯಲ್ಲಿದ್ದವನಿಗೂ ಕೇಳಿಕೊಳ್ಳುವ ದಾರಿ ಇದೆ. ಇದು ಕಾನೂನಿನ ಮಾತು.

ಇಂದು ನಾನು ಹೇಳಬೇಕೆಂದಿರುವುದು ಇದನ್ನೇ. ನೋಡುವುದಕ್ಕೆ ಒಂದೇ ಎನ್ನಿಸುವ ಎರಡು ಸಂಗತಿಗಳನ್ನು ಬಿಡಿಸಿ ನೋಡಲು ಬಂದರೆ ಕಾನೂನಿನ ಮೊದಲ ಪಾಠ ಆಯಿತು. ನೀತಿ ಬೇರೆ, ಕಾನೂನು ಬೇರೆ. ಹಕ್ಕು ಬೇರೆ, ಹಕ್ಕಿನ ಪುರಾವೆ ಬೇರೆ. ಆರೋಪ ಬೇರೆ, ಅಪರಾಧ ಬೇರೆ. ಲಿಂಗಸುಗೂರು, ಸಿಂಧನೂರಿನ ಕೋರ್ಟುಗಳಿಗೆ ಬರುವ ಎಷ್ಟೋ ಸಂಕಟಗಳ ಬೇರು ಈ ಎರಡೆರಡನ್ನು ಒಂದೇ ಎಂದುಕೊಂಡಿದ್ದರಲ್ಲಿದೆ.

ಭೂಮಿಯ ವಿಷಯಕ್ಕೆ ಬರುವ ಮುಂಚೆ ಡಂಗುರದ ಬಗ್ಗೆ ಒಂದು ಮಾತು. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅಶೋಕನ ಶಾಸನ, ರಾಜಾಜ್ಞೆಯನ್ನು ಡಂಗುರ ಹೊಡೆಸಿ ಹಳ್ಳಿಯ ಜನಕ್ಕೆ ತಿಳಿಸಬೇಕೆಂದು ಹೇಳುತ್ತದೆ. ನನಗೆ ಕಾನೂನು ಗೊತ್ತಿರಲಿಲ್ಲ ಎಂಬುದು ಕೋರ್ಟಿನಲ್ಲಿ ನಡೆಯುವ ನೆಪವಲ್ಲ ಎಂದು ಎಲ್ಲರೂ ಕೇಳಿದ್ದೀರಿ. ಆದರೆ ಆ ನಿಯಮಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಯಾರೂ ಹೇಳುವುದಿಲ್ಲ. ಜನರಿಗೆ ತಿಳಿಸದ ಕಾನೂನು ಕಾನೂನೇ ಅಲ್ಲ. ಜೈಪುರ ಸಂಸ್ಥಾನದಲ್ಲಿ 1923ರಲ್ಲಿ ಮಂತ್ರಿಮಂಡಲ ಒಂದು ಅಫೀಮು ಕಾಯ್ದೆಯನ್ನು ನಿರ್ಣಯ ಮಾಡಿ ಒಳಗೇ ಇಟ್ಟುಕೊಂಡಿತು, ಎಲ್ಲಿಯೂ ಪ್ರಕಟಿಸಲಿಲ್ಲ. ಬಹಳ ವರ್ಷಗಳ ನಂತರ ಹರ್ಲಾ ಎಂಬ ಮನುಷ್ಯನಿಗೆ ಆ ಕಾಯ್ದೆಯಡಿ 50 ರೂಪಾಯಿ ದಂಡ ಬಿತ್ತು. ಆ 50 ರೂಪಾಯಿಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜನರಿಗೆ ತಿಳಿಯುವ ದಾರಿಯೇ ಇಲ್ಲದ ಆಜ್ಞೆಯಿಂದ ಯಾರನ್ನೂ ದಂಡಿಸಲಾಗದು ಎಂದು 1951ರಲ್ಲಿ ತೀರ್ಪಾಗಿ ಶಿಕ್ಷೆ ರದ್ದಾಯಿತು. ನಾವೂ ಒಂದು ಸಂಸ್ಥಾನದಿಂದ ಬಂದವರು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆ, ಕಚೇರಿಯ ಭಾಷೆ ಉರ್ದು, ಹಳ್ಳಿಯವನ ಮಾತು ಕನ್ನಡ. ತನ್ನ ಮೇಲೆ ಬಂದ ಹುಕುಂ ಏನೆಂದು ತಿಳಿಯಲು ಇನ್ನೊಬ್ಬರ ಬಾಯಿ ನೋಡಬೇಕಾಗಿದ್ದ ಆ ಕಾಲ ನೆನಪಿದ್ದವರಿಗೆ ಹರ್ಲಾ ಪ್ರಕರಣದ ಬೆಲೆ ಗೊತ್ತಾಗುತ್ತದೆ. ಈಗ ಡಂಗುರದ ಕೆಲಸವನ್ನು ರಾಜ್ಯಪತ್ರ ಮಾಡುತ್ತದೆ. ಆದರೆ ರಾಜ್ಯಪತ್ರವನ್ನು ಓದುವವರು ಯಾರು? ಅದಕ್ಕಾಗಿಯೇ ಇಂಥ ಬಾನುಲಿ ಭಾಷಣಗಳು ಬೇಕು ಎಂದು ನಾನು ನಂಬಿದ್ದೇನೆ.

ಈಗ ಹೊಲದ ಮಾತು.

"ಹೊಲ ನಮ್ದ ಐತ್ರಿ ವಕೀಲ್ರ, ಪಹಣಿ ನಮ್ಮಪ್ಪನ ಹೆಸರಿಲೆ ಬರ್ತದ" ಎಂದು ಹೇಳಿಕೊಂಡು ಬರುವವರು ಮಸ್ಕಿ, ಲಿಂಗಸುಗೂರು, ಸಿಂಧನೂರು ಮೂರೂ ತಾಲ್ಲೂಕುಗಳಲ್ಲಿ ಇದ್ದಾರೆ. ಪಹಣಿ ಹಕ್ಕಿನ ಮೂಲವಲ್ಲ. ಕಂದಾಯ ಯಾರಿಂದ ಬರಬೇಕು, ಸಾಗುವಳಿ ಯಾರದು ಎಂದು ಸರ್ಕಾರ ಇಟ್ಟುಕೊಂಡ ಲೆಕ್ಕ ಅದು. ಒಂಬತ್ತನೆಯ ಅಂಕಣದಲ್ಲಿ ಖಾತೆದಾರನ ಹೆಸರು, ಹನ್ನೆರಡನೆಯದರಲ್ಲಿ ಉಳುವವನ ಹೆಸರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಮಿನ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಆ ನಮೂದನ್ನು ನಿಜವೆಂದು ಹಿಡಿಯಬೇಕು. ಅಂದರೆ ಪಹಣಿಗೆ ಬಲ ಇದೆ, ಆದರೆ ಅದು ಮುರಿಯಬಹುದಾದ ಬಲ. ಹಕ್ಕು ಹುಟ್ಟುವುದು ಬೇರೆ ಕಡೆ: ನೋಂದಾಯಿತ ಖರೀದಿ ಪತ್ರ, ದಾನಪತ್ರ, ವಿಭಾಗ, ವಾರಸಾ, ಮರಣಶಾಸನ, ಸರ್ಕಾರದ ಮಂಜೂರಾತಿ ಇಂಥವುಗಳಿಂದ. ಪಹಣಿಯಲ್ಲಿ ತಪ್ಪಾಗಿ ಹೆಸರು ಬಿದ್ದವನು ಮಾಲೀಕನಾಗುವುದಿಲ್ಲ. ಹೆಸರು ಬಿಟ್ಟುಹೋದವನ ಹಕ್ಕೂ ಹೋಗುವುದಿಲ್ಲ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿ. 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರ ಏಳನೆಯ ನಮೂನೆಯಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆಯನಾಗಬಹುದಿತ್ತು. ಹಕ್ಕನ್ನು ಶಾಸನಸಭೆಯೇ ಕೊಟ್ಟಿತ್ತು. ಆದರೆ ತಾನು ಉಳುತ್ತಿದ್ದೆ ಎಂಬುದಕ್ಕೆ ಕಾಗದ ಬೇಕಾಯಿತು, ಆಗ ಸಾಗುವಳಿ ಅಂಕಣದಲ್ಲಿ ಹೆಸರು ಇದ್ದವರಿಗೆ ದಾರಿ ಸುಲಭವಾಯಿತು. ಹೆಸರು ಬರೆಸಿಕೊಳ್ಳದೆ ಧಣಿಯ ಮಾತಿನ ಮೇಲೆ ಉತ್ತು ಬಿತ್ತಿದವರು ಸಾಕ್ಷಿ ಹುಡುಕುತ್ತ ಪರದಾಡಿದರು. ಹಕ್ಕು ಇದ್ದರೂ ಪುರಾವೆ ಇಲ್ಲದವನು ಎಷ್ಟು ನಿರ್ಗತಿಕ ಎಂಬುದನ್ನು ನಮ್ಮ ಹಿಂದಿನ ತಲೆಮಾರು ಕಣ್ಣಾರೆ ಕಂಡಿದೆ.

ಸಿಂಧನೂರಿನ ಕಥೆಗೆ ಇನ್ನೂ ಒಂದು ಪದರ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಬರುವ ಮುಂಚೆ ಇದು ಮಳೆ ನಂಬಿದ ನೆಲ. ನೀರು ಬಂದ ಮೇಲೆ ನೆಲದ ಬೆಲೆ ಬದಲಾಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ಭೂಮಿ ಕೊಂಡರು, ಕ್ಯಾಂಪುಗಳು ಎದ್ದವು, ಭತ್ತದ ಗದ್ದೆಗಳಾದವು, ಅಕ್ಕಿ ಗಿರಣಿಗಳು ಬಂದವು. ಕೊಂಡವರ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಆ ಕಾಲದ ಎಷ್ಟೋ ವ್ಯವಹಾರಗಳು ಬರೀ ಬಾಂಡ್ ಪೇಪರಿನ ಮೇಲೆ ನಡೆದವು, ಈಗಲೂ ನಡೆಯುತ್ತಿವೆ. ಕರಾರು ಪತ್ರ ಬರೆಸಿ, ಹಣ ಕೊಟ್ಟು, ಹೊಲಕ್ಕೆ ಇಳಿದರೆ ಖರೀದಿ ಆಯಿತೆಂದು ಜನ ನಂಬುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೆಯ ಕಲಂ ಸ್ಪಷ್ಟವಾಗಿದೆ: 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟವಾಗುವುದು ನೋಂದಾಯಿತ ಪತ್ರದಿಂದ ಮಾತ್ರ. ಕರಾರು ಪತ್ರ ಕೊಡುವುದು ಮಾಲೀಕತ್ವವನ್ನಲ್ಲ, ಖರೀದಿ ಪತ್ರ ಮಾಡಿಕೊಡು ಎಂದು ಕೇಳುವ ಹಕ್ಕನ್ನು. ಆ ಹಕ್ಕಿಗೂ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಇಪ್ಪತ್ತು ವರ್ಷ ಹೊಲ ಉತ್ತರೂ ಬಾಂಡ್ ಪೇಪರ್ ಖರೀದಿ ಪತ್ರವಾಗಿ ಬದಲಾಗುವುದಿಲ್ಲ. ಇನ್ನೊಬ್ಬರ ಕಡೆಯಿಂದ ಮುಖ್ತಿಯಾರ ಪತ್ರ ಬರೆಸಿಕೊಂಡು ಅದನ್ನೇ ಮಾರಾಟ ಎನ್ನುವ ರೂಢಿಯನ್ನೂ ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ.

ಕಬ್ಜದ ಬಗ್ಗೆಯೂ ಇಂಥದೇ ಒಂದು ತಪ್ಪು ನಂಬಿಕೆ ಇದೆ. ಹನ್ನೆರಡು ವರ್ಷ ಕಬ್ಜದಲ್ಲಿದ್ದರೆ ಹೊಲ ನಮ್ಮದೇ ಎನ್ನುತ್ತಾರೆ. ಕಾಲಮಿತಿ ಕಾಯ್ದೆಯಲ್ಲಿ ಹನ್ನೆರಡು ವರ್ಷದ ಮಾತು ಇರುವುದು ನಿಜ. ಆದರೆ ಬರೀ ಕೂತಿದ್ದರೆ ಸಾಲದು, ನಿಜವಾದ ಮಾಲೀಕನಿಗೆ ಎದುರಾಗಿ, ಎಲ್ಲರಿಗೂ ತಿಳಿಯುವಂತೆ, ಇದು ನನ್ನದು ಎಂದು ಸಾಧಿಸುತ್ತ ಕೂತಿರಬೇಕು. ವಿಭಾಗವಾಗದ ಹೊಲವನ್ನು ಅಣ್ಣ ಊರಲ್ಲಿದ್ದು ಉತ್ತ, ತಮ್ಮ ಬೆಂಗಳೂರಿಗೆ ಗುಳೆ ಹೋದ. ಅಣ್ಣನ ಕಬ್ಜವೇ ಕಾನೂನಿನ ಕಣ್ಣಲ್ಲಿ ತಮ್ಮನ ಕಬ್ಜವೂ ಹೌದು. ಎಷ್ಟು ವರ್ಷ ಕಳೆದರೂ ಅಷ್ಟರಿಂದಲೇ ತಮ್ಮನ ಪಾಲು ಕರಗುವುದಿಲ್ಲ. ಲಿಂಗಸುಗೂರು, ಮಸ್ಕಿ ಕಡೆಯ ಒಣ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆ ಹೋದ ಸಾವಿರಾರು ಜನ ಈ ಮಾತು ಕೇಳಬೇಕು ಎಂದು ನನ್ನ ಆಸೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯ ಬೇರೆಯದೇ. ಅದಕ್ಕೆ ಇರುವುದು 1978ರ ಕಾಯ್ದೆ, 1979ರ ಜನವರಿ 1ರಿಂದ ಜಾರಿಯಲ್ಲಿದೆ. ಮಂಜೂರಾತಿಯ ಷರತ್ತು ಮುರಿದು ಮಾಡಿದ ಮಾರಾಟ ಶೂನ್ಯ. ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಜಮೀನು ಮರಳಿ ಕೊಡಿಸಿರೆಂದು ಸಹಾಯಕ ಆಯುಕ್ತರಿಗೆ ಅರ್ಜಿ ಹಾಕಬೇಕು, ನಮ್ಮ ಭಾಗಕ್ಕೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಲಮಿತಿ ಬರೆದಿರದಿದ್ದರೂ ಯೋಗ್ಯ ಅವಧಿಯೊಳಗೆ ಬರಬೇಕು, 25 ವರ್ಷ ಬಿಟ್ಟು ಬಂದರೆ ಆಗದು ಎಂದಿತು. ಎಷ್ಟೋ ಬಡ ಕುಟುಂಬಗಳ ಅರ್ಜಿಗಳು ಇದರಿಂದ ಬಿದ್ದುಹೋದವು. 2023ರಲ್ಲಿ ಶಾಸನಸಭೆ ತಿದ್ದುಪಡಿ ತಂದು ಯಾವ ಕಾಲಮಿತಿಯೂ ಅಡ್ಡ ಬರದು ಎಂದು ಬರೆಯಿತು.

ಇಲ್ಲಿ ಎರಡು ಒಳ್ಳೆಯ ತತ್ತ್ವಗಳೇ ಎದುರುಬದುರಾಗಿವೆ. ಎಚ್ಚರ ಇರುವವನಿಗೇ ಕಾನೂನು ನೆರವಾಗುತ್ತದೆ, ಹಳೆಯ ವ್ಯವಹಾರಗಳಿಗೆ ಒಂದು ಕೊನೆ ಇರಬೇಕು ಎಂಬುದು ಒಂದು. ಓದು ಬಾರದ, ಊರಲ್ಲಿ ತಲೆಯೆತ್ತಲಾಗದ ಮನುಷ್ಯನ ಮೌನವನ್ನು ಒಪ್ಪಿಗೆ ಎಂದು ಎಣಿಸಬಾರದು ಎಂಬುದು ಇನ್ನೊಂದು. ನನ್ನ ಮನಸ್ಸು ಎರಡನೆಯದರ ಕಡೆಗಿದೆ. 1980ರಲ್ಲಿ ಈ ಭಾಗದ ಭೂಮಿ ಕಳೆದುಕೊಂಡ ಒಬ್ಬ ಜೀತದಾಳಿನ ಮಗ ಯಾವ ಧೈರ್ಯದಿಂದ ಅರ್ಜಿ ಹಾಕಬೇಕಿತ್ತು? ಆದರೆ ತಿದ್ದುಪಡಿಯ ಅರ್ಥದ ಬಗ್ಗೆ, ತಡವಾಗಿ ಬಂದವರ ಅರ್ಜಿಯ ಬಗ್ಗೆ ಹೈಕೋರ್ಟಿನಲ್ಲಿ ವಾದ ನಡೆದೇ ಇದೆ. ಆದ್ದರಿಂದ ಇಂಥ ಜಮೀನು ಕಳೆದುಕೊಂಡವರು ತಡ ಮಾಡಬಾರದು. ಕೊಳ್ಳುವವರೂ ಮೂಲ ಮಂಜೂರಾತಿ ಆದೇಶ ನೋಡದೆ ಒಂದು ಗುಂಟೆಯನ್ನೂ ಕೊಳ್ಳಬಾರದು. ಮಾರುವವನಿಗೆ ಎಷ್ಟು ಹಕ್ಕಿದೆಯೋ ಕೊಳ್ಳುವವನಿಗೂ ಅಷ್ಟೇ ಸಿಗುವುದು.

ಇನ್ನು ಹೆಣ್ಣುಮಕ್ಕಳ ಪಾಲು. ಇದನ್ನು ಹೇಳುವಾಗ ಬಸವಕಲ್ಯಾಣ ನೆನಪಾಗುತ್ತದೆ. ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯದರ ಮೊದಲ ಭಾಗದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಅಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ಬಿಟ್ಟು ಬಹುಪಾಲು ಭಾರತದಲ್ಲಿ ಹಿಂದೂ ಕುಟುಂಬದ ಆಸ್ತಿ ಹಂಚಿಕೆಗೆ ಆ ಗ್ರಂಥವೇ ಆಧಾರವಾಯಿತು. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದ ಕಾನೂನು ಗ್ರಂಥವೊಂದು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಪ್ರಮಾಣವಾಗಿ ನಿಂತಿತು ಎಂಬುದನ್ನು ನಮ್ಮ ಕಾಲೇಜುಗಳಲ್ಲಿ ಇನ್ನಷ್ಟು ಅಭಿಮಾನದಿಂದ ಹೇಳಬೇಕು. ಬಂಗಾಳದಲ್ಲಿ ಜೀಮೂತವಾಹನನ ದಾಯಭಾಗ ನಡೆಯಿತು. ಮಿತಾಕ್ಷರದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು, ದಾಯಭಾಗದಲ್ಲಿ ತಂದೆ ತೀರಿದ ಮೇಲಷ್ಟೇ. ಸಿಂಧನೂರಿನ ಹತ್ತಿರದ ಪುನರ್ವಸತಿ ಕ್ಯಾಂಪುಗಳಿಗೆ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳ ಹಿರಿಯರು ದಾಯಭಾಗದ ನೆಲದವರು, ಪಕ್ಕದ ಹಳ್ಳಿಯ ಕನ್ನಡಿಗರು ಮಿತಾಕ್ಷರದವರು. ಒಂದೇ ಕಾಲುವೆಯ ನೀರು ಕುಡಿಯುವ ಹೊಲಗಳ ಹಿಂದೆ ಇಂಥ ಎರಡು ಪರಂಪರೆಗಳು ನಿಂತಿರುವ ತಾಲ್ಲೂಕು ನಾಡಿನಲ್ಲಿ ಇನ್ನೆಲ್ಲಿದೆಯೋ ಕಾಣೆ.

ಸ್ತ್ರೀಧನ ಎಂದರೆ ಮದುವೆಯ ಉಡುಗೊರೆ ಮಾತ್ರವಲ್ಲ, ವಾರಸಾದಿಂದ ಬಂದದ್ದೂ ಹೌದು ಎಂದು ವಿಜ್ಞಾನೇಶ್ವರ ವಿಶಾಲವಾಗಿ ಅರ್ಥ ಮಾಡಿದ್ದ. ಆದರೂ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಉಳಿದಿತ್ತು. ಅದನ್ನು ಬದಲಿಸಲು ಕರ್ನಾಟಕ 1994ರಲ್ಲೇ ತನ್ನ ತಿದ್ದುಪಡಿ ತಂದಿತು, ಆಗ ಅದು ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯಾದವಳು, ಆಗದವಳು ಎಂಬ ಭೇದ ಬಿಟ್ಟಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರ ಆ ದಿನ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾಗಿ ಮುಗಿದ ವಿಭಾಗಗಳನ್ನು ಮತ್ತೆ ತೆರೆಯಲಾಗದು. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ, ಆದರೆ ಅದೂ ನಿಶ್ಚಿತವಾದ ಹಕ್ಕು, ಅಣ್ಣತಮ್ಮಂದಿರ ದಯೆಯಲ್ಲ.

ಕಾನೂನು ಇಷ್ಟು ದೂರ ಬಂದಿದೆ. ಮನೆಯೊಳಗೆ ನಡೆಯುವುದೇನು? ನಾಗರ ಪಂಚಮಿಗೆ ತವರಿಗೆ ಬಂದ ಮಗಳಿಗೆ ಸೀರೆ, ಕುಪ್ಪಸ, ಉಂಡಿ ಕೊಟ್ಟು, ಹಬ್ಬ ಮುಗಿದ ಮಾರನೆಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. "ಬ್ಯಾಂಕಿನ ಸಾಲಕ್ಕ ಒಂದು ಸಹಿ ಬೇಕವ್ವಾ" ಎಂದು ಅಣ್ಣ ಹೇಳುತ್ತಾನೆ. ಅವಳು ಸಹಿ ಮಾಡಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ. ಮುಂದೆ ಗಂಡನ ಮನೆಯಲ್ಲಿ ಕಷ್ಟ ಬಂದು ತವರಿನ ಪಾಲು ಕೇಳಿದಾಗ ಆ ಕಾಗದ ಎದುರಿಗೆ ಬರುತ್ತದೆ. ಮೋಸದಿಂದ ಪಡೆದ ಸಹಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು, ಆದರೆ ಮೋಸವನ್ನು ಸಾಬೀತು ಮಾಡುವ ಹೊರೆ ಅವಳ ಮೇಲೆ. ತಾನಾಗಿ ಮನಸಾರೆ ಬಿಟ್ಟುಕೊಡುವ ತಂಗಿಯರಿದ್ದಾರೆ, ಅವರ ಪ್ರೀತಿ ದೊಡ್ಡದು, ಅದನ್ನು ಯಾರೂ ತಡೆಯಬೇಕಿಲ್ಲ. ಆದರೆ ತಿಳಿಯದೆ ಬಿಟ್ಟದ್ದು ಪ್ರೀತಿಯಲ್ಲ. ಈ ಮಾತು ಕೇಳುತ್ತಿರುವ ಅಕ್ಕತಂಗಿಯರು ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.

ಸಹಿಯ ಮಾತು ಬಂದದ್ದರಿಂದ ಚೆಕ್ಕಿನ ಬಗ್ಗೆ ಒಂದೆರಡು ಮಾತು. ಬೀಜ, ಗೊಬ್ಬರ ಉದ್ರಿ ತರುವಾಗ ರೈತರು ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಡುತ್ತಾರೆ. ಸಹಿ ನಿಮ್ಮದೇ ಆಗಿದ್ದರೆ, ಮೊತ್ತ ಬೇರೆಯವರು ತುಂಬಿದ್ದರೂ, ಸಾಲ ಇತ್ತೆಂದೇ ಕಾನೂನು ಮೊದಲು ಹಿಡಿಯುತ್ತದೆ. ಇಲ್ಲ ಎಂದು ತೋರಿಸುವುದು ನಿಮ್ಮ ಪಾಲಿಗೆ ಬರುತ್ತದೆ. ಚೆಕ್ ವಾಪಸಾದರೆ ಸಾಲ ಕೊಟ್ಟವರು 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ಸಿಕ್ಕ ಮೇಲೆ ಹಣ ಕಟ್ಟಲು ನಿಮಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಅವರು ದೂರು ಹಾಕಬೇಕು. ನೋಟಿಸ್ ಬಂದಾಗ ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿ ಸುಮ್ಮನಿದ್ದರೆ ಆ 15 ದಿನ ಸುಮ್ಮನೆ ಕಳೆದುಹೋಗುತ್ತವೆ.

ಅಪರಾಧದ ಕಾನೂನಿಗೆ ಬರೋಣ. ಇಲ್ಲಿ ಬಿಡಿಸಿ ನೋಡಬೇಕಾದ್ದು ಆರೋಪವನ್ನೂ ಅಪರಾಧವನ್ನೂ. ಎಫ್‌ಐಆರ್ ಎಂದರೆ ಪೊಲೀಸರಿಗೆ ಬಂದ ಮೊದಲ ವರ್ತಮಾನ, ಅದೇ ಪುರಾವೆಯಲ್ಲ. ಬಂಧನ ಶಿಕ್ಷೆಯಲ್ಲ. ಜಾಮೀನು ಖುಲಾಸೆಯಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಹಿಡಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಇದು ಸಂವಿಧಾನದ 22ನೆಯ ವಿಧಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಹಣ ಕೇಳದೆ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಸಿಂಧನೂರಿನಲ್ಲೇ ನಡೆದ ಒಂದು ಘೋರ ಪ್ರಕರಣ ನಿಮಗೆಲ್ಲ ನೆನಪಿದೆ. 2020ರ ಜುಲೈನಲ್ಲಿ ಸುಕಾಲಪೇಟೆಯಲ್ಲಿ, ಪ್ರೇಮ ವಿವಾಹದ ದ್ವೇಷಕ್ಕೆ ಒಂದೇ ಕುಟುಂಬದ ಐವರನ್ನು ಕೊಂದರು. 2025ರ ಏಪ್ರಿಲ್‌ನಲ್ಲಿ ಸಿಂಧನೂರಿನ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕಾನೂನಿನ ಎಷ್ಟೋ ಪಾಠಗಳು ಈ ಒಂದು ಪ್ರಕರಣದಲ್ಲಿವೆ. 2024ರ ಜುಲೈ 1ರಿಂದ ದೇಶದಲ್ಲಿ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆದರೆ ಕೃತ್ಯ ನಡೆದ ದಿನ ಯಾವ ಕಾನೂನು ಇತ್ತೋ ಅದರಂತೆಯೇ ಶಿಕ್ಷೆ, ಆದ್ದರಿಂದ ಇದಕ್ಕೆ 1860ರ ಸಂಹಿತೆಯೇ. ಸೆಷನ್ಸ್ ನ್ಯಾಯಾಲಯ ಕೊಟ್ಟ ಮರಣದಂಡನೆ ಹೈಕೋರ್ಟ್ ದೃಢಪಡಿಸುವವರೆಗೆ ಜಾರಿಯಾಗುವಂತಿಲ್ಲ, ಅಪರಾಧಿ ಮೇಲ್ಮನವಿ ಹಾಕದಿದ್ದರೂ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಬೇಕು. ಐದು ಜೀವ ತೆಗೆದವರಿಗೆ ಇಷ್ಟೆಲ್ಲ ಅವಕಾಶ ಏಕೆ ಎಂದು ಕೇಳುವವರ ನೋವು ನನಗೆ ಅರ್ಥವಾಗುತ್ತದೆ. ಸಾವಿನ ದಂಡನೆಯನ್ನು ಆಮೇಲೆ ತಿದ್ದಲಾಗದು ಎಂಬುದೇ ಅದಕ್ಕೆ ಉತ್ತರ. ಮೂರು ದಿನದ ಗಡುವು ಕೊಟ್ಟ ಅರಸನಿಗೆ ಇದು ತಿಳಿದಿತ್ತು.

ಇದೇ ಪ್ರಕರಣ ಇನ್ನೊಂದನ್ನೂ ಹೇಳುತ್ತದೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಅದನ್ನು ತಡೆಯುವ ಅಧಿಕಾರ ಮನೆಯವರಿಗೂ ಇಲ್ಲ, ಊರಿನ ಕಟ್ಟೆಗೂ ಇಲ್ಲ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಊರ ಹಿರಿಯರು ಬದುವಿನ ಜಗಳ, ಕೊಡುಕೊಳ್ಳುವ ಜಗಳ ಬಗೆಹರಿಸಲಿ, ಅದರಲ್ಲಿ ಒಳ್ಳೆಯದೇ ಇದೆ. ಆದರೆ ಕೊಲೆ, ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯ ಕಟ್ಟೆಯ ಮೇಲೆ ಮುಗಿಯುವ ಮಾತಲ್ಲ. ಅವು ಇಡೀ ಸಮಾಜದ ವಿರುದ್ಧ ನಡೆದ ಅಪರಾಧ, ಅದಕ್ಕೇ ಅಲ್ಲಿ ವಾದಿಯಾಗಿ ನಿಲ್ಲುವುದು ರಾಜ್ಯ. ದಲಿತ ಕುಟುಂಬಕ್ಕೆ ಬಹಿಷ್ಕಾರ ಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಶಿಕ್ಷಾರ್ಹ. ಬಾಲ್ಯವಿವಾಹ ಕರ್ನಾಟಕದ ತಿದ್ದುಪಡಿಯಂತೆ ಮೊದಲಿನಿಂದಲೇ ಅಸಿಂಧು.

ಕೊನೆಗೆ ಕಾಲುವೆ. ಎಡದಂಡೆಯ ಕೊನೆಭಾಗದ ರೈತರ ಗೋಳು ವರ್ಷ ವರ್ಷ ಕೇಳುತ್ತೇವೆ. ಮೇಲ್ಭಾಗದಲ್ಲಿ ಪಂಪು ಹಚ್ಚಿ ನೀರು ಎತ್ತುತ್ತಾರೆ, ಅರೆನೀರಾವರಿ ಬೆಳೆಗೆಂದು ಗೊತ್ತು ಮಾಡಿದ ಅಚ್ಚುಕಟ್ಟಿನಲ್ಲಿ ಭತ್ತ ನಿಲ್ಲುತ್ತದೆ, ಕೆಳಗಿನ ಹೊಲಕ್ಕೆ ನೀರು ಮುಟ್ಟುವುದಿಲ್ಲ. 1965ರ ಕರ್ನಾಟಕ ನೀರಾವರಿ ಕಾಯ್ದೆ ಅಕ್ರಮವಾಗಿ ನೀರು ಎತ್ತುವುದನ್ನು ಅಪರಾಧ ಎನ್ನುತ್ತದೆ. ಒಬ್ಬನಿಗೆ ಹಕ್ಕಿದೆ ಎಂದರೆ ಅದನ್ನು ಕಾಪಾಡುವ ಕರ್ತವ್ಯ ಇನ್ನೊಬ್ಬನಿಗಿರಲೇಬೇಕು, ಇಲ್ಲಿ ಆ ಕರ್ತವ್ಯ ನೆರೆಯ ರೈತನದೂ ಹೌದು, ನೀರು ಬಿಡುವ ಸರ್ಕಾರದ್ದೂ ಹೌದು. ನಲವತ್ತು ವರ್ಷ ನಿಯಮ ಮುರಿದಿದ್ದೇವೆ ಎಂಬುದರಿಂದ ಮುರಿಯುವುದು ಹಕ್ಕಾಗುವುದಿಲ್ಲ. ಬಲಾಢ್ಯನ ಪಂಪನ್ನು ಬಿಟ್ಟು ಬಡವನ ಪೈಪು ಕಿತ್ತರೆ ಅದು ಕಾನೂನಿನ ಆಳ್ವಿಕೆಯೂ ಅಲ್ಲ, ಸಂವಿಧಾನದ 14ನೆಯ ವಿಧಿ ಬೇಡುವುದು ಇಬ್ಬರಿಗೂ ಒಂದೇ ಅಳತೆ. ಅಧಿಕಾರಿಗಳು ಕರ್ತವ್ಯ ಮಾಡದಿದ್ದರೆ 226ನೆಯ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಅದಕ್ಕೆ ಬೆಂಗಳೂರಿಗೆ ಓಡಬೇಕಿದ್ದ ಕಾಲ ಮುಗಿದಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಿಂದ ಕಲಬುರಗಿಯಲ್ಲಿ ಕಾಯಂ ಪೀಠವಾಗಿದೆ, ರಾಯಚೂರು ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಾಗುವವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಸೆರೆಯಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ಉಳಿದ ಬಡವರಿಗೂ ಆದಾಯದ ಮಿತಿಯೊಳಗೆ ಈ ನೆರವು ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ಮರಳಿ ಬರುತ್ತದೆ. ಆದರೆ ಆ ರಾಜಿಯ ಮೇಲೆ ಮೇಲ್ಮನವಿ ಇಲ್ಲ, ಹಾಗಾಗಿ ಪೂರ್ತಿ ತಿಳಿದ ಮೇಲಷ್ಟೇ ಒಪ್ಪಿಕೊಳ್ಳಿ. ಸಿಂಧನೂರು, ಲಿಂಗಸುಗೂರಿನ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೆ ಸಾಕು, ಬರೆಯಲು ಬಾರದವರು ಬಾಯಿಂದ ಹೇಳಿದರೂ ಅಲ್ಲಿ ಬರೆದುಕೊಳ್ಳುತ್ತಾರೆ. ಈ ವಾರ ಮನೆಯ ಪೆಟ್ಟಿಗೆ ತೆಗೆದು ಖರೀದಿ ಪತ್ರ, ಪಹಣಿ, ವಾರಸಾ ಕಾಗದಗಳನ್ನು ಒಮ್ಮೆ ಓದಿಸಿ ನೋಡಿ. ಅನುಮಾನ ಬಂದರೆ ಆ ಸಮಿತಿಗೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.